ಟ್ಯೂಡರ್ ರಾಜರ ವೇಲ್ಸ್ ಮೂಲ: ಅಜ್ಜನ ಹೆಸರು ಮನೆತನದ ಹೆಸರಾದ ಕಥೆ

ಹಿತ್ತಲಗಿಡ (ಚರ್ಚೆ ಶುರು ಮಾಡಿದವರು)

ಮಗಳ ಇತಿಹಾಸದ ಪಾಠದಲ್ಲಿ ಎಂಟನೇ ಹೆನ್ರಿ ಬಂದಿದ್ದ. ಆರು ಹೆಂಡಿರ ಲೆಕ್ಕ ಒಪ್ಪಿಸಿ ಮುಗಿಸಿದ ಮೇಲೆ "ಟ್ಯೂಡರ್ ಅಂದ್ರೇನಪ್ಪಾ?" ಅಂದಳು. ಲ್ಯಾಂಕಾಸ್ಟರ್, ಯಾರ್ಕ್ ಇದ್ದ ಹಾಗೆ ಇದೂ ಯಾವುದೋ ಊರಿರಬೇಕು ಅಂದುಬಿಟ್ಟೆ. ಪೂರಾ ತಪ್ಪು. ಸಂಕೋಚ ಆಗಿ ಹದಿನೈದು ದಿನ ಕೈಗೆ ಸಿಕ್ಕಿದ್ದೆಲ್ಲ ಓದಿದೆ. ಓದಿದ್ದನ್ನು ಇಲ್ಲಿ ಸುರೀತಿದ್ದೇನೆ, ತಿದ್ದುವವರು ತಿದ್ದಿ.

ವೇಲ್ಸ್‌ನ ವಾಯವ್ಯ ಮೂಲೆಯಲ್ಲಿ ಆಂಗ್ಲ್ಸಿ ಅಂತ ಒಂದು ದ್ವೀಪ. ಅಲ್ಲಿಯ ಜನ ಅದನ್ನು ಮೋನ್ ಅಂತಾರೆ. ಆ ದ್ವೀಪದಲ್ಲಿ ಪೆನ್‌ಮನಿದ್ ಅನ್ನೋ ಹಳ್ಳಿ; ಬೆಟ್ಟದ ತಲೆ ಅಂತ ಅರ್ಥ. ಟ್ಯೂಡರರ ಮನೆ ಇದ್ದದ್ದು ಅಲ್ಲಿ. ಮನೆತನದ ಹಿರಿಯ ಎಡ್ನವೆಡ್ ವಖನ್, ತೀರಿಕೊಂಡದ್ದು 1246ರಲ್ಲಿ. ಇವನು ರಾಜನಲ್ಲ. ಗ್ವಿನೆದ್ ರಾಜ್ಯ ಆಳುತ್ತಿದ್ದ ಮಹಾ ಲಿವೆಲಿನ್‌ನ ಆಸ್ಥಾನದ ಮುಖ್ಯಾಧಿಕಾರಿ, ನಮ್ಮ ಬಾಯಲ್ಲಿ ದಿವಾನ ಅನ್ನಬಹುದು. ಯುದ್ಧದಲ್ಲಿ ಮೂವರು ಇಂಗ್ಲಿಷ್ ಸರದಾರರ ತಲೆ ಕತ್ತರಿಸಿ ತಂದು ಲಿವೆಲಿನ್‌ನ ಮುಂದಿಟ್ಟನಂತೆ, ಅದಕ್ಕೇ ಮನೆತನದ ಲಾಂಛನದಲ್ಲಿ ಮೂರು ತಲೆ ಬಂತಂತೆ. ಮುಂದೆ ಅವು ಮೂರು ಶಿರಸ್ತ್ರಾಣಗಳಾದವು. ಇಂಗ್ಲೆಂಡಿನ ರಾಜರ ಜತೆ ನಂಟು ಬೆಳೆದ ಮೇಲೆ ಇಂಗ್ಲಿಷರ ತಲೆ ಪ್ರದರ್ಶನಕ್ಕಿಡೋದು ಚೆನ್ನಾಗಿರಲ್ಲ ನೋಡಿ.

ಈ ವಂಶದಲ್ಲಿ ಟಿಡಿರ್ ಅನ್ನೋ ಹೆಸರು ತಲೆಮಾರು ಬಿಟ್ಟು ತಲೆಮಾರು ಬರುತ್ತೆ. 1367ರಲ್ಲಿ ತೀರಿಕೊಂಡ ಒಬ್ಬ ಟಿಡಿರ್‌ಗೆ ಐದು ಗಂಡುಮಕ್ಕಳು. ಅವರಲ್ಲೊಬ್ಬ ಮರೆಡಿದ್. ಮರೆಡಿದ್‌ನ ಮಗ ಓವೈನ್. ಈ ಓವೈನ್‌ನ ಮೊಮ್ಮಗನೇ 1485ರಲ್ಲಿ ಇಂಗ್ಲೆಂಡಿನ ಸಿಂಹಾಸನ ಹತ್ತಿದ ಏಳನೇ ಹೆನ್ರಿ.

ಹಳ್ಳಿಯ ಮನೆತನದ ಹುಡುಗನೊಬ್ಬ ಫ್ರಾನ್ಸ್ ರಾಜನ ಮಗಳನ್ನು ಮದುವೆಯಾದದ್ದು ಹೇಗೆ ಅನ್ನೋದನ್ನ ಊಟ ಮಾಡಿ ಬಂದು ಬರೀತೀನಿ.

ಮಂಡಕ್ಕಿ_ಮಿರ್ಚಿ

ಅಲ್ರೀ, ಊಟದ ಹೊತ್ತಿಗೇ ಕಥಿ ನಿಂದ್ರಸ್ತೀರಲ್ಲ. ಧಾರಾವಾಹಿಯವರು ನಿಮ್ಮ ಕಡೆ ಕಲೀಬೇಕು ನೋಡ್ರಿ.

ಕಾರ್ಡಿಫ್_ಕನ್ನಡತಿ

ಅವರು ಉಣ್ಣಲಿ, ಹೆಸರಿನ ವಿಷಯ ನಾನು ಹೇಳ್ತೀನಿ. ಹನ್ನೊಂದು ವರ್ಷದಿಂದ ಇಲ್ಲೇ ಇದ್ದೀನಿ, ವೆಲ್ಷ್ ಸಂಜೆ ತರಗತಿಗೂ ಹೋಗ್ತೀನಿ.

ಹಳೇ ವೇಲ್ಸ್‌ನಲ್ಲಿ ಮನೆತನದ ಹೆಸರು ಅನ್ನೋದೇ ಇರಲಿಲ್ಲ. ಅಪ್ಪನ ಹೆಸರು, ಅದರ ಹಿಂದೆ ಅಜ್ಜನ ಹೆಸರು, ಮಧ್ಯೆ 'ಆಪ್', ಅಂದರೆ ಮಗ. ಹೆಣ್ಣುಮಕ್ಕಳಿಗೆ 'ವೆರ್ಖ್'. ನಮ್ಮ ಕಥಾನಾಯಕನ ಪೂರ್ತಿ ಹೆಸರು ಓವೈನ್ ಆಪ್ ಮರೆಡಿದ್ ಆಪ್ ಟಿಡಿರ್. ಇಂಗ್ಲಿಷ್ ಗುಮಾಸ್ತರಿಗೆ ಈ ಸರಪಳಿ ಅರ್ಥವಾಗಲಿಲ್ಲ. ಅಪ್ಪನನ್ನು ಬಿಟ್ಟು ಅಜ್ಜನನ್ನು ಹಿಡಿದುಕೊಂಡರು, ಓವೆನ್ ಟ್ಯೂಡರ್ ಆಯ್ತು. ಅಪ್ಪನ ಹೆಸರು ಹಿಡಿದಿದ್ದರೆ ಇವತ್ತು ನಾವು ಮೆರೆಡಿತ್ ವಂಶ, ಮೆರೆಡಿತ್ ಕಾಲದ ಮನೆಗಳು ಅಂತ ಓದುತ್ತಿದ್ದೆವು.

ಈ 'ಆಪ್' ಸವೆದು ಹುಟ್ಟಿದ ಹೆಸರುಗಳು ಇಲ್ಲಿ ಬೀದಿಗೊಂದು. ಆಪ್ ಹವೆಲ್ ಪೊವೆಲ್ ಆಯ್ತು, ಆಪ್ ರೀಸ್ ಪ್ರೈಸ್ ಆಯ್ತು, ಆಪ್ ಹ್ಯಾರಿ ಪ್ಯಾರಿ ಆಯ್ತು, ಆಬ್ ಓವೈನ್ ಬೋವೆನ್ ಆಯ್ತು. ವಖನ್ ಅಂದರೆ ಚಿಕ್ಕವನು ಅಂತ. ಅದೇ ಇಂಗ್ಲಿಷಿನ ವಾನ್.

ನಗ್ತೀರೇನೋ, ನನ್ನ ಮನೆಯಲ್ಲೂ ಇದೇ ಆಗಿದೆ. ಊರಲ್ಲಿ ನನಗಿದ್ದದ್ದು ಇನಿಷಿಯಲ್ ಮಾತ್ರ. ಪಾಸ್‌ಪೋರ್ಟ್ ಮಾಡಿಸುವಾಗ ಅಪ್ಪನ ಹೆಸರು ಕೊನೆಯ ಖಾನೆಗೆ ಹೋಯ್ತು. ಇಲ್ಲಿ ಮಗ ಹುಟ್ಟಿದಾಗ ನೋಂದಣಿ ಕೌಂಟರಿನಲ್ಲಿ ಕೂತವರು ಅದನ್ನೇ ಎತ್ತಿ ಅವನಿಗೂ ಅಂಟಿಸಿದರು. ಈಗ ಶಾಲೆಯಲ್ಲಿ ಹಾಜರಿ ಕರೆಯುವಾಗ ನನ್ನ ಮಗ ನನ್ನ ಅಪ್ಪನ ಹೆಸರಿಗೆ ಎದ್ದು ನಿಲ್ಲುತ್ತಾನೆ. ಅಪ್ಪ ಹಳ್ಳಿಯಲ್ಲಿ ಕೂತು ಇದನ್ನು ಎಲ್ಲರಿಗೂ ಹೇಳಿಕೊಂಡು ಓಡಾಡ್ತಾರೆ. ಪೆನ್‌ಮನಿದ್‌ನ ಟಿಡಿರ್‌ಗೆ ಆ ಭಾಗ್ಯ ಇರಲಿಲ್ಲ.

ಶಾಸನಪ್ರಿಯ

ಟಿಡಿರ್ ಅನ್ನೋದು ಗ್ರೀಕಿನ ಥಿಯೊಡೋರ್ ಅಂತ ಹಳೇ ಪುಸ್ತಕಗಳಲ್ಲಿ ಬರೆದಿರ್ತಾರೆ. ಸಂಬಂಧ ಇಲ್ಲ. ಅದು ಹಳೆಯ ಕೆಲ್ಟಿಕ್ ಹೆಸರು. ಮೊದಲ ತುಂಡಿಗೆ ಜನ ಅಂತಲೂ ಎರಡನೆಯದಕ್ಕೆ ಅರಸ ಅಂತಲೂ ಅರ್ಥ. ಜನರ ಅರಸ. ಅರಸುತನ ಬರುವುದಕ್ಕೆ ಮುಂಚೆಯೇ ಹೆಸರು ಬಂದುಬಿಟ್ಟಿತ್ತು.

ಹಿತ್ತಲಗಿಡ

ಬಂದೆ.

ಓವೈನ್ ಹುಟ್ಟಿದ್ದು 1400ರ ಆಸುಪಾಸು. ಹುಟ್ಟುವ ಹೊತ್ತಿಗೇ ಮನೆ ಮುಳುಗುತ್ತಿತ್ತು. 1400ರ ಸೆಪ್ಟೆಂಬರಿನಲ್ಲಿ ಓವೈನ್ ಗ್ಲಿನ್‌ಡೂರ್ ಇಂಗ್ಲಿಷರ ವಿರುದ್ಧ ದಂಗೆ ಎದ್ದು ತನ್ನನ್ನು ವೇಲ್ಸ್‌ನ ರಾಜಕುಮಾರ ಅಂತ ಘೋಷಿಸಿಕೊಂಡ. ಟಿಡಿರ್‌ನ ಮಕ್ಕಳಿಗೂ ಗ್ಲಿನ್‌ಡೂರ್‌ಗೂ ತಾಯಂದಿರ ಕಡೆಯಿಂದ ದಾಯಾದಿತನ, ಅಕ್ಕತಂಗಿಯರ ಮಕ್ಕಳು. ಅವರಲ್ಲಿ ರೀಸ್ ಮತ್ತು ಗ್ವಿಲಿಮ್ ದಂಗೆಗೆ ಧುಮುಕಿದರು.

1401ರ ಗುಡ್ ಫ್ರೈಡೇ, ಏಪ್ರಿಲ್ 1. ಕಾನ್ವಿ ಕೋಟೆ. ಮೊದಲನೇ ಎಡ್ವರ್ಡ್ ವೇಲ್ಸ್ ಗೆದ್ದು ಕಟ್ಟಿಸಿದ ದೈತ್ಯ ಕೋಟೆಗಳಲ್ಲಿ ಒಂದು. ಕಾವಲಿಗೆ ಕೆಲವರನ್ನು ಬಿಟ್ಟು ಉಳಿದ ಸೈನಿಕರೆಲ್ಲ ಊರೊಳಗಿನ ಚರ್ಚಿಗೆ ಪ್ರಾರ್ಥನೆಗೆ ಹೋಗಿದ್ದಾರೆ. ಬಾಗಿಲಿಗೆ ಒಬ್ಬ ಬಡಗಿ ಬರುತ್ತಾನೆ, ದಿನವೂ ಕೆಲಸಕ್ಕೆ ಬರುವವನ ಹಾಗೆ. ಬಾಗಿಲು ತೆರೆಯುತ್ತೆ. ಹಿಂದೆಯೇ ರೀಸ್, ಗ್ವಿಲಿಮ್ ಮತ್ತು ಸುಮಾರು ನಲವತ್ತು ಜನ. ಮುತ್ತಿಗೆ ಹಾಕಿದರೆ ತಿಂಗಳುಗಟ್ಟಲೆ ಬೇಕಾಗುವ ಕೋಟೆ ಒಂದು ಪ್ರಾರ್ಥನೆ ಮುಗಿಯೋದರೊಳಗೆ ಕೈ ಬದಲಾಯಿತು.

ಇದರ ಕೊನೆ ಮಾತ್ರ ಹೊಟ್ಟೆ ತೊಳಸುವಂಥದ್ದು. ಕೆಲವು ತಿಂಗಳ ಮೇಲೆ ಸಂಧಾನ ಆಗಿ ಕೋಟೆ ಬಿಟ್ಟುಕೊಟ್ಟರು. ತಮ್ಮ ತಲೆ ಉಳಿಸಿಕೊಳ್ಳೋದಕ್ಕೆ ಅಣ್ಣತಮ್ಮಂದಿರು ತಮ್ಮದೇ ಒಂಬತ್ತು ಜನರನ್ನು ರಾತ್ರಿ ಮಲಗಿದ್ದಾಗ ಕೈಕಾಲು ಕಟ್ಟಿ ಇಂಗ್ಲಿಷರಿಗೆ ಒಪ್ಪಿಸಿದರು ಅಂತ ಆ ಕಾಲದ ವೃತ್ತಾಂತಕಾರ ಆಡಂ ಆಫ್ ಅಸ್ಕ್ ಬರೆದಿದ್ದಾನೆ. ಆಡಂ ಸ್ವತಃ ವೇಲ್ಸ್‌ನವನೇ. ಪೋವಾಡ ಹಾಡುವವರು ಈ ಭಾಗ ನುಂಗಿಕೊಳ್ತಾರೆ. 1412ರಲ್ಲಿ ರೀಸ್ ಸಿಕ್ಕಿಬಿದ್ದ, ಚೆಸ್ಟರ್‌ನಲ್ಲಿ ಅವನನ್ನು ಕೊಂದರು.

ದಂಗೆಯ ಸಿಟ್ಟಿಗೆ ಇಂಗ್ಲಿಷ್ ಪಾರ್ಲಿಮೆಂಟ್ ವೆಲ್ಷರ ಮೇಲೆ ಕಟ್ಟಳೆಗಳನ್ನು ಹೇರಿತು. ಇಂಗ್ಲಿಷ್ ಪಟ್ಟಣಗಳಲ್ಲಿ ಜಾಗ ಕೊಳ್ಳುವಂತಿಲ್ಲ, ಆಯುಧ ಹಿಡಿದು ಓಡಾಡುವಂತಿಲ್ಲ, ಮುಖ್ಯ ಹುದ್ದೆ ಸಿಗುವಂತಿಲ್ಲ. ಇಂಥ ಕಾಲದಲ್ಲಿ, ಇಂಥ ಮನೆಯ ಹುಡುಗ, ಇಂಗ್ಲೆಂಡಿನ ರಾಣಿಯ ಮನೆವಾರ್ತೆಯಲ್ಲಿ ಕೆಲಸಕ್ಕೆ ಸೇರುತ್ತಾನೆ.

ಅರ್ಧಓದು

ಯಾವ ರಾಣಿ? ಅಜನ್‌ಕೂರ್ ಯುದ್ಧ ಗೆದ್ದ ಐದನೇ ಹೆನ್ರಿಯ ಹೆಂಡತಿಯಾ?

ಹಿತ್ತಲಗಿಡ

ಅವಳೇ. ಫ್ರಾನ್ಸ್ ರಾಜ ಆರನೇ ಚಾರ್ಲ್ಸ್‌ನ ಮಗಳು ಕ್ಯಾಥರೀನ್ ಆಫ್ ವಾಲ್ವಾ. 1422ರಲ್ಲಿ ಗಂಡ ಸತ್ತಾಗ ಅವಳಿಗೆ ಇಪ್ಪತ್ತು ವರ್ಷ, ತೊಟ್ಟಿಲಲ್ಲಿ ಒಂಬತ್ತು ತಿಂಗಳ ಕೂಸು ಆರನೇ ಹೆನ್ರಿ. ಅವಳು ಯಾರನ್ನಾದರೂ ಮದುವೆಯಾದರೆ ಮಗು ರಾಜನ ಮೇಲೆ ಮಲತಂದೆಯ ಹಿಡಿತ ಬರುತ್ತೆ ಅಂತ ದೊಡ್ಡವರಿಗೆ ಭಯ. ವಿಧವೆ ರಾಣಿ ರಾಜನ ಒಪ್ಪಿಗೆಯಿಲ್ಲದೆ ಮದುವೆಯಾದರೆ ಗಂಡನ ಆಸ್ತಿ ಮುಟ್ಟುಗೋಲು ಅಂತ ಕಾನೂನೇ ತಂದರು. ಒಪ್ಪಿಗೆಯನ್ನೂ ರಾಜ ಪ್ರಾಯಕ್ಕೆ ಬಂದ ಮೇಲೇ ಕೊಡಬೇಕು.

ಕ್ಯಾಥರೀನ್ ಮುಟ್ಟುಗೋಲಿಗೆ ಏನೂ ಇಲ್ಲದವನನ್ನೇ ಆರಿಸಿಕೊಂಡಳು!

ಅವರಿಬ್ಬರು ಹೇಗೆ ಹತ್ತಿರವಾದರು ಅನ್ನೋದಕ್ಕೆ ಕಥೆಗಳಿವೆ. ಕುಣಿಯುವಾಗ ಕಾಲು ಜಾರಿ ಅವಳ ಮಡಿಲಿಗೆ ಬಿದ್ದ ಅಂತ ಒಂದು. ನದಿಯಲ್ಲಿ ಈಜುವಾಗ ಅವಳು ನೋಡಿದಳು ಅಂತ ಇನ್ನೊಂದು. ಎರಡೂ ಆಮೇಲಿನವರು ಪೋಣಿಸಿದ್ದು. 1430ರ ಸುಮಾರಿಗೆ ಗುಟ್ಟಾಗಿ ಮದುವೆ, ಎಡ್ಮಂಡ್ ಮತ್ತು ಜಾಸ್ಪರ್ ಅಂತ ಮಕ್ಕಳು. 1432ರಲ್ಲಿ ಓವೈನ್‌ಗೆ ಇಂಗ್ಲಿಷ್ ಪ್ರಜೆಯ ಹಕ್ಕುಗಳನ್ನು ಕಾಗದದ ಮೇಲೆ ಕೊಟ್ಟರು. ಐದು ವರ್ಷ ಬಾಳಿತು ಆ ಸುಖ. 1437ರ ಜನವರಿಯಲ್ಲಿ ಕ್ಯಾಥರೀನ್ ತೀರಿಕೊಂಡಳು. ಓವೈನ್ ನ್ಯೂಗೇಟ್ ಜೈಲಿಗೆ ಹೋದ, ತಪ್ಪಿಸಿಕೊಂಡ, ಮತ್ತೆ ಸಿಕ್ಕಿಬಿದ್ದ, 1439ರಲ್ಲಿ ಕ್ಷಮೆ ಸಿಕ್ಕಿತು. ಮಕ್ಕಳು ಬಾರ್ಕಿಂಗ್‌ನ ಸನ್ಯಾಸಿನಿಯರ ಮಠದಲ್ಲಿ ಬೆಳೆದರು.

ಆರನೇ ಹೆನ್ರಿ ದೊಡ್ಡವನಾದ ಮೇಲೆ ಈ ತಾಯಿ-ಒಂದೇ ತಮ್ಮಂದಿರನ್ನು ಕೈಬಿಡಲಿಲ್ಲ. ಎಡ್ಮಂಡ್‌ನನ್ನು ರಿಚ್ಮಂಡಿನ ಅರ್ಲ್ ಮಾಡಿದ, ಜಾಸ್ಪರ್‌ನನ್ನು ಪೆಂಬ್ರೋಕಿನ ಅರ್ಲ್ ಮಾಡಿದ. ಪಾಪದ ರಾಜ, ಒಳ್ಳೆಯವನು. ಒಳ್ಳೆಯತನದಿಂದಲೇ ರಾಜ್ಯ ಕಳಕೊಂಡ.

ಲೆಕ್ಕಿಗ

ಒಂದು ತಕರಾರು. ಎಡ್ಮಂಡ್ ನಿಜಕ್ಕೂ ಓವೈನ್‌ನ ಮಗನೇ ಅಲ್ಲ, ಎಡ್ಮಂಡ್ ಬ್ಯೂಫರ್ಟ್‌ನ ಮಗ ಅಂತ ಒಂದು ವಾದ ಇದೆ. ಕ್ಯಾಥರೀನ್ ಮತ್ತು ಬ್ಯೂಫರ್ಟ್ ಹೆಸರು ಮೊದಲು ಜೋಡಿಯಾಗಿ ಓಡಾಡಿತ್ತು, ಹೆಸರೂ ಒಂದೇ. ಹಾಗಿದ್ದರೆ ವೇಲ್ಸ್ ಮೂಲ ಅನ್ನೋದೇ ಬಿತ್ತಲ್ಲ?

ಶಾಸನಪ್ರಿಯ

ಹೆಸರು ಒಂದೇ ಅನ್ನೋದು ಬಿಟ್ಟರೆ ಗಟ್ಟಿ ಸಾಕ್ಷಿ ಇಲ್ಲ. ಆ ಕಾಲದಲ್ಲಿ ಯಾರೂ ಆ ಆರೋಪ ಮಾಡಲಿಲ್ಲ. ಏಳನೇ ಹೆನ್ರಿ 1485ರಲ್ಲಿ ಸೋಲಿಸಿದ ರಾಜ ಮೂರನೇ ರಿಚರ್ಡ್, ಹೆನ್ರಿಯ ಹುಟ್ಟನ್ನು ಹಳಿಯೋಕೆ ಸಿಕ್ಕಿದ್ದನ್ನೆಲ್ಲ ಎಸೆದ, ಆದರೆ ಅವನೂ ಓವೈನ್‌ನ ಮೊಮ್ಮಗ ಅಂತಲೇ ಬರೆಸಿದ. ನೆಲದ ಜಗಳದಲ್ಲಿ ಎದುರುಪಾರ್ಟಿಯೇ ಒಪ್ಪಿಕೊಂಡದ್ದು ಒಳ್ಳೇ ದಾಖಲೆ.

ಕಾರ್ಡಿಫ್_ಕನ್ನಡತಿ

ಓವೈನ್‌ನ ಕೊನೆ ಯಾರೂ ಹೇಳಲಿಲ್ಲ. ನನಗೆ ಈ ಇಡೀ ಕಥೆಯಲ್ಲಿ ಮನಸ್ಸಲ್ಲಿ ನಿಂತದ್ದು ಅದೇ.

ಸಿಂಹಾಸನಕ್ಕಾಗಿ ಲ್ಯಾಂಕಾಸ್ಟರ್ ಮತ್ತು ಯಾರ್ಕ್ ಮನೆತನಗಳ ನಡುವೆ ಗುಲಾಬಿಗಳ ಯುದ್ಧ ನಡೀತಿದೆ. ಟ್ಯೂಡರರು ಲ್ಯಾಂಕಾಸ್ಟರ್ ಪಕ್ಷ. 1461ರ ಫೆಬ್ರವರಿಯಲ್ಲಿ ಮಾರ್ಟಿಮರ್ಸ್ ಕ್ರಾಸ್ ಅನ್ನೋ ಕಡೆ ಜಾಸ್ಪರ್‌ನ ಸೈನ್ಯ ಯಾರ್ಕ್ ಪಕ್ಷಕ್ಕೆ ಸೋತಿತು. ಅರವತ್ತು ದಾಟಿದ ಓವೈನ್ ಸಿಕ್ಕಿಬಿದ್ದ. ಹೆರೆಫರ್ಡ್ ಪೇಟೆಗೆ ಕರಕೊಂಡು ಬಂದರು. ದೊಡ್ಡ ಕೈದಿಗಳನ್ನು ಬಿಡುಗಡೆ ಹಣ ತಗೊಂಡು ಬಿಡೋ ಪದ್ಧತಿ ಇತ್ತಲ್ಲ, ತನ್ನನ್ನೂ ಬಿಡ್ತಾರೆ ಅಂದುಕೊಂಡಿದ್ದನಂತೆ ಮುದುಕ. ಕೊಡಲಿ ಮತ್ತು ಮರದ ದಿಮ್ಮಿ ನೋಡಿದಾಗಲೂ ನಂಬಲಿಲ್ಲ. ಅಂಗಿಯ ಕೆಂಪು ಕಾಲರನ್ನು ಹರಿದು ತೆಗೆದಾಗ ಅರ್ಥವಾಯಿತು. ಕ್ಯಾಥರೀನ್ ರಾಣಿಯ ಮಡಿಲಲ್ಲಿ ಮಲಗುತ್ತಿದ್ದ ತಲೆ ಇನ್ನು ಈ ದಿಮ್ಮಿಯ ಮೇಲೆ ಮಲಗುತ್ತೆ ಅಂದನಂತೆ. ತಲೆಯನ್ನು ಮಾರುಕಟ್ಟೆಯ ಶಿಲುಬೆಗಂಬದ ತುದಿಯಲ್ಲಿಟ್ಟರು. ಬುದ್ಧಿ ಸ್ವಾಧೀನದಲ್ಲಿಲ್ಲದ ಒಬ್ಬ ಹೆಂಗಸು ಬಂದು, ಅವನ ಕೂದಲು ಬಾಚಿ, ಮುಖದ ರಕ್ತ ತೊಳೆದು, ಸುತ್ತ ನೂರಕ್ಕೂ ಹೆಚ್ಚು ಮೇಣದಬತ್ತಿ ಹಚ್ಚಿಟ್ಟಳಂತೆ. ಇದೆಲ್ಲ ಆ ಕಾಲದ ಒಂದು ಲಂಡನ್ ವೃತ್ತಾಂತದಲ್ಲೇ ಇದೆ.

ಹೆರೆಫರ್ಡಿನ ಹೈ ಟೌನ್ ಅನ್ನೋ ಪೇಟೆಬೀದಿಯಲ್ಲಿ ಆ ಜಾಗಕ್ಕೆ ಗುರುತಿನ ಫಲಕ ನೆಲದಲ್ಲಿದೆ. ನಾನು ಹೋದ ದಿನ ಅದರ ಮೇಲೇ ಒಬ್ಬರು ತಳ್ಳುಗಾಡಿ ನಿಲ್ಲಿಸಿಕೊಂಡು ಮಗುವಿಗೆ ಐಸ್‌ಕ್ರೀಮ್ ತಿನ್ನಿಸ್ತಿದ್ದರು. ಸರೀರಿ ಅನ್ನೋಕೆ ಮನಸ್ಸು ಬರಲಿಲ್ಲ, ಕಾದೆ.

ಮಂಡಕ್ಕಿ_ಮಿರ್ಚಿ

ಆ ಬಾಚಿದಾಕಿ ಯಾರಿರಬೇಕಂತ ಈಗ ನನ್ನ ತಲ್ಯಾಗ ಕುಂತೈತಿ ನೋಡ್ರಿ. ರಾತ್ರಿ ನಿದ್ದಿ ಬರೂದಿಲ್ಲ.

ಲೆಕ್ಕಿಗ

ಸರಿ, ಲೆಕ್ಕಕ್ಕೆ ಬರೋಣ. ಏಳನೇ ಹೆನ್ರಿಯ ನಾಲ್ವರು ಅಜ್ಜ-ಅಜ್ಜಿಯರಲ್ಲಿ ವೇಲ್ಸ್‌ನವನು ಓವೈನ್ ಒಬ್ಬನೇ. ಅಂದರೆ ಕಾಲು ಭಾಗ. ಎಂಟನೇ ಹೆನ್ರಿ ಎಂಟರಲ್ಲೊಂದು, ಎಲಿಜಬೆತ್ ಹದಿನಾರರಲ್ಲೊಂದು. ಸಿಂಹಾಸನದ ಹಕ್ಕೂ ಅತ್ತಲಿಂದ ಬಂದದ್ದಲ್ಲ. ಅದು ತಾಯಿ ಮಾರ್ಗರೆಟ್ ಬ್ಯೂಫರ್ಟ್ ಕಡೆಯಿಂದ: ಮೂರನೇ ಎಡ್ವರ್ಡ್ ರಾಜನ ಮಗ ಜಾನ್ ಆಫ್ ಗಾಂಟ್ ಮತ್ತು ಕ್ಯಾಥರೀನ್ ಸ್ವಿನ್‌ಫರ್ಡ್ ಅವರ ಸಂತಾನ. ಮದುವೆಗೆ ಮುಂಚೆ ಹುಟ್ಟಿದ ಆ ಮಕ್ಕಳನ್ನು 1397ರಲ್ಲಿ ಸಕ್ರಮ ಮಾಡಿದರು, 1407ರಲ್ಲಿ ಸಿಂಹಾಸನಕ್ಕೆ ಮಾತ್ರ ಇವರಿಗೆ ಹಕ್ಕಿಲ್ಲ ಅಂತ ಒಂದು ಸಾಲು ಸೇರಿಸಿದರು. ಹೀಗಿರುವಾಗ ವೇಲ್ಸ್ ವೇಲ್ಸ್ ಅಂತ ಇಷ್ಟು ಗಲಾಟೆ ಯಾಕೆ?

ಹಿತ್ತಲಗಿಡ

ಹಕ್ಕು ತಾಯಿಯದೇ, ಒಪ್ಪಿದೆ. ಆದರೆ ಹಕ್ಕಿನ ಕಾಗದ ಹಿಡಿದುಕೊಂಡು ಸಮುದ್ರ ದಾಟಿ ಬಂದವನಿಗೆ ದಾರಿ ಬಿಟ್ಟವರು ಯಾರು? ಅಲ್ಲಿ ಬರುತ್ತೆ ವೇಲ್ಸ್.

ಎಡ್ಮಂಡ್ ಹನ್ನೆರಡು ವರ್ಷದ ಮಾರ್ಗರೆಟ್‌ಳನ್ನು ಮದುವೆಯಾಗಿ, 1456ರ ನವೆಂಬರಿನಲ್ಲಿ ಕಾರ್ಮಾರ್ದನ್‌ನಲ್ಲಿ ಪ್ಲೇಗಿಗೆ ಸತ್ತ. 1457ರ ಜನವರಿ 28ಕ್ಕೆ ಪೆಂಬ್ರೋಕ್ ಕೋಟೆಯಲ್ಲಿ ಹೆನ್ರಿ ಹುಟ್ಟಿದ. ತಾಯಿಗೆ ಹದಿಮೂರು. ಅವಳಿಗೆ ಮತ್ತೆ ಮಕ್ಕಳಾಗಲೇ ಇಲ್ಲ. ಹುಡುಗ ರಾಗ್ಲನ್ ಕೋಟೆಯಲ್ಲಿ, ವೆಲ್ಷ್ ಮೂಲದ ಹರ್ಬರ್ಟ್ ಮನೆಯಲ್ಲಿ ಬೆಳೆದ. ಆ ಹರ್ಬರ್ಟ್ ಶತ್ರುಪಕ್ಷದವನೇ. 1471ರಲ್ಲಿ ಲ್ಯಾಂಕಾಸ್ಟರ್ ಪಕ್ಷ ಪೂರ್ತಿ ನೆಲಕಚ್ಚಿದಾಗ ಚಿಕ್ಕಪ್ಪ ಜಾಸ್ಪರ್ ಹದಿನಾಲ್ಕರ ಹುಡುಗನನ್ನು ಕಟ್ಟಿಕೊಂಡು ಟೆನ್‌ಬಿ ಬಂದರಿನಿಂದ ಹಡಗು ಹತ್ತಿದ. ಬ್ರಿಟನಿಯಲ್ಲಿ, ಆಮೇಲೆ ಫ್ರಾನ್ಸಿನಲ್ಲಿ, ಒಟ್ಟು ಹದಿನಾಲ್ಕು ವರ್ಷ.

1485ರ ಆಗಸ್ಟ್ 7. ಪೆಂಬ್ರೋಕ್‌ಶೈರಿನ ಮಿಲ್ ಬೇ ಅನ್ನೋ ಸಣ್ಣ ಕೊಲ್ಲಿ. ಜತೆಗೆ ಬಂದಿದ್ದವರಲ್ಲಿ ಫ್ರೆಂಚ್ ಕೂಲಿಸೈನಿಕರೇ ಹೆಚ್ಚು. ಅಲ್ಲಿಂದ ನೇರ ಲಂಡನ್ನಿಗೆ ಹೋಗದೆ ಕಾರ್ಡಿಗನ್, ಮಖನ್ಲೆತ್, ವೆಲ್ಷ್‌ಪೂಲ್ ಸುತ್ತಿಕೊಂಡು ವೇಲ್ಸ್‌ನ ಮಧ್ಯದಿಂದ ಹೋದ. ಬೀಸಿಕೊಂಡು ಹೋದ ಬಾವುಟ ಬಿಳಿ-ಹಸಿರಿನ ಮೇಲೆ ಕೆಂಪು ಡ್ರ್ಯಾಗನ್. ವೆಲ್ಷ್ ಮುಖಂಡರಿಗೆ ಕಾಗದ ಬರೆದ: ನಿಮ್ಮನ್ನು ಈ ದಾಸ್ಯದಿಂದ ಬಿಡಿಸಿ ಹಳೇ ಸ್ವಾತಂತ್ರ್ಯ ಕೊಡಿಸುತ್ತೇನೆ ಅಂತ. ನೈರುತ್ಯದ ದೊಡ್ಡ ಜಮೀನ್ದಾರ ರೀಸ್ ಆಪ್ ಥಾಮಸ್ ತನ್ನ ಪಡೆ ತಂದು ಕೂಡಿಕೊಂಡ. ಆಗಸ್ಟ್ 22ಕ್ಕೆ ಬಾಸ್ವರ್ತ್ ಯುದ್ಧ. ಮೂರನೇ ರಿಚರ್ಡ್‌ನನ್ನು ಕೊಂದದ್ದು ವೆಲ್ಷ್ ಸೈನಿಕರು ಅಂತ ಆ ಕಾಲದ ಕವಿ ಗಿಟೋರ್ ಗ್ಲಿನ್ ಹಾಡಿದ: ರೀಸ್ ಹಂದಿಯನ್ನು ಕೊಂದ, ತಲೆ ಬೋಳಿಸಿದ ಅನ್ನೋ ಅರ್ಥದಲ್ಲಿ. ಹಂದಿ ರಿಚರ್ಡ್‌ನ ಲಾಂಛನ. ಕವಿಯ ಉತ್ಪ್ರೇಕ್ಷೆ ಅಂದುಕೊಂಡಿದ್ದರು. 2012ರಲ್ಲಿ ಲೆಸ್ಟರ್‌ನ ಕಾರ್ ಪಾರ್ಕಿಂಗ್ ಅಡಿಯಲ್ಲಿ ರಿಚರ್ಡ್‌ನ ಅಸ್ಥಿಪಂಜರ ಸಿಕ್ಕಾಗ ತಲೆಬುರುಡೆಯ ಹಿಂಭಾಗ ಉದ್ದಹಿಡಿಯ ಕೊಡಲಿಯಂಥ ಆಯುಧಕ್ಕೆ ಕೆತ್ತಿಹೋಗಿತ್ತು.

ಕಾರ್ಡಿಫ್_ಕನ್ನಡತಿ

ಕವಿಗಳ ಮಾತು ಬಂದದ್ದಕ್ಕೆ ಇದೊಂದು. ಇಲ್ಲಿ 'ಮಾಬ್ ದರೋಗನ್' ಅಂತಾರೆ, ಭವಿಷ್ಯವಾಣಿಯ ಮಗ. ಹಳೇ ಬ್ರಿಟನ್ನರ ಕೊನೆಯ ಅರಸ ಕಡ್ವಾಲಡರ್‌ನ ವಂಶದವನೊಬ್ಬ ಬಂದು ದ್ವೀಪವನ್ನು ವಾಪಸ್ ಗೆಲ್ಲುತ್ತಾನೆ, ಕೆಂಪು ಡ್ರ್ಯಾಗನ್ ಇಂಗ್ಲಿಷರ ಬಿಳಿ ಡ್ರ್ಯಾಗನ್ನನ್ನು ಸೋಲಿಸುತ್ತೆ ಅನ್ನೋ ನಂಬಿಕೆ. ಈ ಭವಿಷ್ಯ ಹಾಡುವುದಕ್ಕೇ ಒಂದು ಕಾವ್ಯಪ್ರಕಾರ ಇತ್ತು. ಗ್ಲಿನ್‌ಡೂರ್ ಸೋತ ಮೇಲೆ ಆ ಪಾತ್ರ ಖಾಲಿ ಇತ್ತು. ಹೆನ್ರಿ ಅದರೊಳಗೆ ಹೋಗಿ ನಿಂತ.

ಮಖನ್ಲೆತ್ ಹತ್ತಿರ ಮಥಾವರ್ನ್ ಅನ್ನೋ ಮನೆ. ಅಲ್ಲಿ ದಾವಿದ್ ಲುಯ್ಡ್ ಅನ್ನೋ ಕವಿ, ಕಣಿ ಹೇಳುವುದಕ್ಕೆ ಹೆಸರುವಾಸಿ. ಹೆನ್ರಿ ದಾರಿಯಲ್ಲಿ ಅವನ ಮನೆಯಲ್ಲಿ ಉಳಿದು, ನಾನು ಗೆಲ್ತೀನಾ ಅಂತ ಕೇಳಿದನಂತೆ. ಕವಿಗೆ ತೊಡೆ ನಡುಗಿ, ಬೆಳಿಗ್ಗೆ ಹೇಳ್ತೀನಿ ಅಂದ. ರಾತ್ರಿಯೆಲ್ಲ ಹೊರಳಾಡುವುದನ್ನು ನೋಡಿ ಹೆಂಡತಿ ಅಂದಳಂತೆ: ಗೆಲ್ತೀಯ ಅಂತ ಹೇಳು. ಗೆದ್ದರೆ ಬಹುಮಾನ ಬರುತ್ತೆ, ಸೋತರೆ ನಿನ್ನನ್ನು ಕೇಳೋಕೆ ಅವನು ಎಲ್ಲಿರ್ತಾನೆ?

ನಡೆದದ್ದೋ ಕಟ್ಟಿದ್ದೋ, ಇಲ್ಲಿಯವರು ಇವತ್ತೂ ಹೇಳಿ ನಗ್ತಾರೆ.

ಮಂಡಕ್ಕಿ_ಮಿರ್ಚಿ

ಆ ಹೆಣ್ಮಗಳನ್ನ ಮಂತ್ರಿ ಮಾಡಬೇಕಿತ್ತು ನೋಡ್ರಿ ಹೆನ್ರಿ!

ಶಾಸನಪ್ರಿಯ

ಗದ್ದುಗೆ ಸಿಕ್ಕ ಮೇಲೆ ಹೆನ್ರಿ ವಂಶಾವಳಿ ತೆಗೆಸಿದ. ಅದು ಕಡ್ವಾಲಡರ್ ದಾಟಿ ಟ್ರಾಯ್ ನಗರದಿಂದ ಬಂದ ಬ್ರೂಟಸ್‌ವರೆಗೆ ಹೋಯಿತು. ಹೊಯ್ಸಳರು ಶಾಸನಗಳಲ್ಲಿ ದ್ವಾರಾವತೀಪುರವರಾಧೀಶ್ವರ, ಯಾದವಕುಲಾಂಬರದ್ಯುಮಣಿ ಅಂತ ಬರೆಸಿಕೊಂಡ ಹಾಗೆಯೇ. ಮಲೆನಾಡಿನ ಗುಡ್ಡಗಳಿಂದ ಇಳಿದು ಬಂದವರಿಗೂ ಪೆನ್‌ಮನಿದ್‌ನಿಂದ ಬಂದವರಿಗೂ ಒಂದೇ ಖಾಯಿಲೆ.

ಅರ್ಧಓದು

ಗುರುಗಳೇ, ಯಾವ ಚರ್ಚೆಯಾದರೂ ನೀವು ಹಳೇಬೀಡಿಗೆ ಮುಟ್ಟಿಸಿಯೇ ಬಿಡ್ತೀರಿ. ಮೊನ್ನೆ ಕಾಫಿ ಯಂತ್ರದ ಚರ್ಚೆಯಲ್ಲೂ ಇದೇ ಆಯ್ತು.

ಶಾಸನಪ್ರಿಯ

ಖಾಯಿಲೆ ಅಂದೆನಲ್ಲ, ನನಗೂ ಇದೆ. ಇರಲಿ, ಲೆಕ್ಕಿಗರಿಗೆ ಇಷ್ಟವಾಗುವ ಒಂದು ವಿಷಯ ಹೇಳ್ತೀನಿ. ವೇಲ್ಸ್‌ನ ನಿಜವಾದ ರಾಜರಕ್ತ ಹುಡುಕಿದರೆ ಅದು ಶತ್ರುಪಕ್ಷದಲ್ಲೂ ಸಿಗುತ್ತೆ. ಮಹಾ ಲಿವೆಲಿನ್‌ನ ಮಗಳು ಗ್ಲಾಡಿಸ್‌ಳನ್ನು ಗಡಿನಾಡಿನ ಮಾರ್ಟಿಮರ್ ಮನೆತನಕ್ಕೆ ಕೊಟ್ಟಿದ್ದರು. ಆ ಮಾರ್ಟಿಮರ್ ಕುಡಿಯೇ ಯಾರ್ಕ್ ಮನೆಗೆ ಸೊಸೆಯಾಗಿ ಹೋದದ್ದು. ಹಾಗಾಗಿ ಯಾರ್ಕ್ ಪಕ್ಷದ ರಾಜ ನಾಲ್ಕನೇ ಎಡ್ವರ್ಡ್ ಲಿವೆಲಿನ್‌ನ ವಂಶಸ್ಥ. ಹೆನ್ರಿ ಲಿವೆಲಿನ್‌ನ ದಿವಾನನ ವಂಶಸ್ಥ. ದಿವಾನನ ಹೆಂಡತಿ ಗ್ವೆನ್ಲಿಯನ್ ದಕ್ಷಿಣದ ರಾಜ ರೀಸ್‌ನ ಮಗಳು ಅನ್ನೋದು ಹೆನ್ರಿಗೆ ಸಮಾಧಾನ. ವೆಲ್ಷ್ ಕವಿಗಳು ಎಡ್ವರ್ಡ್‌ನನ್ನೂ ಭವಿಷ್ಯವಾಣಿಯ ಮಗ ಅಂತ ಹಾಡಿದ್ದರು! 1486ರಲ್ಲಿ ಹೆನ್ರಿ ಎಡ್ವರ್ಡ್‌ನ ಮಗಳು ಎಲಿಜಬೆತ್‌ಳನ್ನು ಮದುವೆಯಾದಾಗ ದಿವಾನನ ಮನೆಗೆ ಧಣಿಯ ಮನೆಯ ಹೆಣ್ಣು ಬಂದಂತಾಯಿತು.

ಹಾಗೆ ನೋಡಿದರೆ ಟ್ಯೂಡರ್ ಅನ್ನೋ ಪದವನ್ನೂ ಹೆನ್ರಿ ಮೆರೆಸಲಿಲ್ಲ. 1485ರ ಜೂನಿನಲ್ಲಿ ರಿಚರ್ಡ್ ಹೊರಡಿಸಿದ ಘೋಷಣೆಯಲ್ಲಿ ಹೆನ್ರಿ ಟಿಡರ್, ಎಡ್ಮಂಡ್ ಟಿಡರನ ಮಗ, ಓವೆನ್ ಟಿಡರನ ಮೊಮ್ಮಗ ಅಂತ ಹೀಯಾಳಿಸಿದ್ದಾನೆ. ಉಚ್ಚಾರ ಮಾತ್ರ ವೆಲ್ಷ್‌ಗೆ ಹತ್ತಿರ ಇದೆ. ಸಿ. ಎಸ್. ಎಲ್. ಡೇವಿಸ್ ಅನ್ನೋ ಇತಿಹಾಸಕಾರರ ಪ್ರಕಾರ ಹದಿನಾರನೇ ಶತಮಾನದಲ್ಲಿ ಆ ಅರಸರನ್ನು ಟ್ಯೂಡರರು ಅಂತ ಕರೆಯುವ ರೂಢಿ ಇಲ್ಲವೇ ಇಲ್ಲ ಅನ್ನಬಹುದು. ಅದು ಚಾಲ್ತಿಗೆ ಬಂದದ್ದು ಹದಿನೆಂಟನೇ ಶತಮಾನದ ಇತಿಹಾಸ ಬರಹಗಳಿಂದ.

ಲೆಕ್ಕಿಗ

ಇದು ಚೆನ್ನಾಗಿದೆ. ಸರಿ, ಗೆದ್ದ ಮೇಲೆ ವೇಲ್ಸ್‌ಗೆ ಏನು ಸಿಕ್ಕಿತು? ಕಾಗದದಲ್ಲಿ ಸ್ವಾತಂತ್ರ್ಯ ಅಂತ ಬರೆದಿದ್ದನಲ್ಲ.

ಹಿತ್ತಲಗಿಡ

ಕೆಲವರಿಗೆ ಸಿಕ್ಕಿತು. ರೀಸ್ ಆಪ್ ಥಾಮಸ್ ಮೂರೇ ದಿನದಲ್ಲಿ ಸರ್ ರೀಸ್ ಆದ. ಜಾಸ್ಪರ್ ಡ್ಯೂಕ್ ಆದ. ಗಡಿ ಸೀಮೆಯ ಸೆಸಿಲ್ಟ್ ಅನ್ನೋ ಮನೆಯಿಂದ ದಾವಿದ್ ಎಂಬ ಯುವಕ ಹೆನ್ರಿಯ ಸೇವೆಗೆ ಸೇರಿದ; ಅವನ ಮೊಮ್ಮಗನೇ ಎಲಿಜಬೆತ್ ರಾಣಿಯ ಬಲಗೈ ವಿಲಿಯಂ ಸೆಸಿಲ್. ಮೊದಲ ಮಗನಿಗೆ ಹೆನ್ರಿ ಆರ್ಥರ್ ಅಂತ ಹೆಸರಿಟ್ಟ. ಹಳೇ ಬ್ರಿಟನ್ನರ ದಂತಕಥೆಯ ಅರಸನ ಹೆಸರು, ವೆಲ್ಷರಿಗೆ ಅದಕ್ಕಿಂತ ಸಿಹಿ ಹೆಸರಿಲ್ಲ. ಆರ್ಥರ್ 1502ರಲ್ಲಿ ಹದಿನೈದಕ್ಕೇ ಲಡ್‌ಲೋದಲ್ಲಿ ಸತ್ತ, ಸಿಂಹಾಸನ ತಮ್ಮ ಹೆನ್ರಿಗೆ ಹೋಯ್ತು.

ದಂಗೆಯ ಕಾಲದ ಕಟ್ಟಳೆಗಳನ್ನು ಸಡಿಲಿಸುವ ಸನ್ನದುಗಳು ಉತ್ತರ ವೇಲ್ಸ್‌ಗೆ ಬಂದದ್ದು 1504ರಿಂದ 1508ರ ನಡುವೆ. ಗೆದ್ದು ಇಪ್ಪತ್ತು ವರ್ಷ ಆದ ಮೇಲೆ, ಅದೂ ದುಡ್ಡು ಇಸಕೊಂಡು. ಏಳನೇ ಹೆನ್ರಿ ಲೆಕ್ಕದ ಪುಸ್ತಕಕ್ಕೆ ಸ್ವತಃ ಸಹಿ ಹಾಕುತ್ತಿದ್ದ ಆಸಾಮಿ, ಪುಕ್ಕಟೆ ಬಿಡುಗಡೆ ಎಲ್ಲಿಂದ.

ಎಂಟನೇ ಹೆನ್ರಿ ಕಾಲಕ್ಕೆ ನೆನಪೇ ಹಾರಿಹೋಗಿತ್ತು. ಅಪ್ಪನನ್ನು ಗೆಲ್ಲಿಸಿದ ರೀಸ್‌ನ ಮೊಮ್ಮಗನ ತಲೆ 1531ರಲ್ಲಿ ಹಾರಿಸಿದ. 1536ರ ಮತ್ತು 1543ರ ಕಾನೂನುಗಳಲ್ಲಿ ವೇಲ್ಸ್ ಇಂಗ್ಲೆಂಡಿನೊಳಗೆ ಸೇರಿಹೋಯಿತು. ಇದರಲ್ಲಿ ಒಳ್ಳೆಯದೂ ಇತ್ತು: ಪಾರ್ಲಿಮೆಂಟಿನಲ್ಲಿ ಸ್ಥಾನ, ಕಾನೂನಿನ ಮುಂದೆ ಇಂಗ್ಲಿಷರ ಸಮಕ್ಕೆ ನಿಲ್ಲುವ ಹಕ್ಕು. ಜಮೀನ್ದಾರರು ಖುಷಿಯಾಗಿಯೇ ಒಪ್ಪಿಕೊಂಡರು. ಆದರೆ ಕೋರ್ಟಿನ ಭಾಷೆ ಇಂಗ್ಲಿಷ್ ಮಾತ್ರ, ವೆಲ್ಷ್ ಮಾತಾಡುವವರು ಇಂಗ್ಲಿಷ್ ಬಳಸದಿದ್ದರೆ ಯಾವ ಹುದ್ದೆಯೂ ಇಲ್ಲ. ವೆಲ್ಷ್ ಬಿಟ್ಟು ಬೇರೇನೂ ಗೊತ್ತಿಲ್ಲದ ರೈತ ತನ್ನ ಮೇಲಿನ ಮೊಕದ್ದಮೆಯನ್ನೇ ದುಭಾಷಿಯ ಬಾಯಿಂದ ಕೇಳಬೇಕಾಯಿತು. ಆ ಕಾನೂನು ಪುಸ್ತಕದಿಂದ ಪೂರ್ತಿ ಅಳಿಸಿಹೋದದ್ದು 1993ರಲ್ಲಿ. ಭಾಷೆಯ ಹೆಸರಿನಲ್ಲಿ ಬೀದಿಗಿಳಿದವರು ನಾವೂ ಹೌದು, ಆದರೆ ನಾನೂರೈವತ್ತು ವರ್ಷದ ಕಾಯುವಿಕೆ ನನಗೆ ಊಹೆಗೂ ಸಿಗಲ್ಲ.

ಕಾರ್ಡಿಫ್_ಕನ್ನಡತಿ

ಎಲಿಜಬೆತ್ ಕಾಲದ ಒಂದು ಕೆಲಸ ಸೇರಿಸಿ. 1563ರಲ್ಲಿ ಬೈಬಲನ್ನು ವೆಲ್ಷ್‌ಗೆ ತರಬೇಕು ಅಂತ ಕಾನೂನಾಯ್ತು. ಪ್ರಾಟೆಸ್ಟಂಟ್ ಮತ ಹರಡೋಕೆ ಮಾಡಿದ್ದು, ಪ್ರೀತಿಯಿಂದಲ್ಲ. 1588ರಲ್ಲಿ ವಿಲಿಯಂ ಮೋರ್ಗನ್ ಪೂರ್ತಿ ಬೈಬಲ್ ತಂದರು. ಕೋರ್ಟಿನಿಂದ ಹೊರಗೆ ಹಾಕಿದ ಭಾಷೆಗೆ ಭಾನುವಾರದ ಪೀಠ ಸಿಕ್ಕಿತು. ನಮ್ಮ ಸಂಜೆ ತರಗತಿಯ ಮೇಡಂ ಹೇಳೋದು, ಆ ಪುಸ್ತಕ ಇಲ್ಲದಿದ್ದರೆ ನಾನು ಇವತ್ತು ನಿಮಗೆ ಪಾಠ ಮಾಡ್ತಾನೇ ಇರಲಿಲ್ಲ ಅಂತ.

ಡ್ರ್ಯಾಗನ್ ಕಥೆಯೂ ಹೀಗೇ. ಟ್ಯೂಡರರು ರಾಜಲಾಂಛನದ ಪಕ್ಕದಲ್ಲಿ ಅದನ್ನು ನಿಲ್ಲಿಸಿಕೊಂಡಿದ್ದರು. 1603ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಬಂದವನೇ ಅದನ್ನು ತೆಗೆದು ತನ್ನ ಒಂಟಿಕೊಂಬಿನ ಕುದುರೆ ತಂದಿಟ್ಟ. ಈಗ ರಗ್ಬಿ ಇದ್ದ ದಿನ ಕಾರ್ಡಿಫ್ ತುಂಬ ಕಾಣೋ ಬಿಳಿ-ಹಸಿರಿನ ಮೇಲಿನ ಕೆಂಪು ಡ್ರ್ಯಾಗನ್ ಅಧಿಕೃತ ಬಾವುಟವಾದದ್ದು 1959ರಲ್ಲಿ.

ಅರ್ಧಓದು

ಪೆನ್‌ಮನಿದ್‌ನಲ್ಲಿ ಈಗ ಏನಾದರೂ ಉಳಿದಿದೆಯಾ? ಜೂನಿನಲ್ಲಿ ಆಫೀಸ್ ಕೆಲಸಕ್ಕೆ ಲಿವರ್‌ಪೂಲ್ ಹೋಗೋದಿದೆ, ಅಲ್ಲಿಂದ ದೂರವಿಲ್ಲ.

ಕಾರ್ಡಿಫ್_ಕನ್ನಡತಿ

ಚರ್ಚಿಗೆ ಹೋಗಿ. ಸಂತ ಗ್ರೆಡಿವೈಲ್ ಚರ್ಚು, ಊರಿನಿಂದ ಸ್ವಲ್ಪ ಹೊರಗೆ ಹೊಲದ ನಡುವೆ ಒಂಟಿಯಾಗಿದೆ. ಒಳಗೆ ಹಾಲುಬಣ್ಣದ ಅಲಬಾಸ್ಟರ್ ಕಲ್ಲಿನ ಸಮಾಧಿ. ಯುದ್ಧಕವಚ ತೊಟ್ಟ ಗೊರೋನ್ವಿ, ಪಕ್ಕದಲ್ಲಿ ಹೆಂಡತಿ ಮವಾನ್ವಿ. ಗೊರೋನ್ವಿ ಓವೈನ್‌ನ ದೊಡ್ಡಪ್ಪ, 1382ರಲ್ಲಿ ಕೆಂಟ್‌ನಲ್ಲಿ ನೀರಿಗೆ ಬಿದ್ದು ಸತ್ತವನು. ಮೂಗು, ಬೆರಳುಗಳೆಲ್ಲ ಸವೆದಿವೆ.

ಆ ಸಮಾಧಿ ಮೊದಲು ಅಲ್ಲಿರಲಿಲ್ಲ. ಕಡಲ ದಡದ ಲಾನ್‌ವೈಸ್ ಮಠದಲ್ಲಿತ್ತು. ಎಂಟನೇ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸಿದಾಗ ಯಾರೋ ಇದನ್ನು ಉಳಿಸಿ ಇಲ್ಲಿಗೆ ಸಾಗಿಸಿದರು. ಅದೇ ಮಠದಲ್ಲಿದ್ದ ಲಿವೆಲಿನ್‌ನ ರಾಣಿ ಜೋನ್‌ಳ ಕಲ್ಲಿನ ಶವಪೆಟ್ಟಿಗೆ ಕುದುರೆಗಳಿಗೆ ನೀರು ಕುಡಿಸುವ ತೊಟ್ಟಿಯಾಯಿತು. ಈಗ ಬ್ಯೂಮಾರಿಸ್ ಚರ್ಚಿನಲ್ಲಿದೆ, ದಾರಿಯಲ್ಲೇ ಸಿಗುತ್ತೆ, ನೋಡಿ. ಹೆನ್ರಿಯ ಸ್ವಂತ ಅಜ್ಜ ಎಡ್ಮಂಡ್ ಮಲಗಿದ್ದ ಕಾರ್ಮಾರ್ದನ್ ಮಠವನ್ನೂ ಬಿಡಲಿಲ್ಲ. ಅವನ ಸಮಾಧಿ ಸೇಂಟ್ ಡೇವಿಡ್ಸ್‌ನ ದೊಡ್ಡ ಚರ್ಚಿಗೆ ಹೋಯಿತು. ಮುತ್ತಜ್ಜ ಓವೈನ್ ಹೆರೆಫರ್ಡಿನ ಮಠದಲ್ಲಿದ್ದ. ಆ ಮಠ ನೆಲಸಮ. ಅವನನ್ನು ಎಲ್ಲಿಗೂ ಸಾಗಿಸಲಿಲ್ಲ.

ಮಂಡಕ್ಕಿ_ಮಿರ್ಚಿ

ಮೇಣದಬತ್ತಿ ಹಚ್ಚಿದ್ದು ಆಕಿ ಒಬ್ಬಾಕೀನ ಆತು ಹಂಗಾರ.

ಹಿತ್ತಲಗಿಡ

ಇದನ್ನೆಲ್ಲ ರಾತ್ರಿ ಮಗಳಿಗೆ ಹೇಳೋಕೆ ಕೂತೆ. ಟ್ಯೂಡರ್ ಊರಲ್ಲ ಪುಟ್ಟಿ, ಒಬ್ಬ ಅಜ್ಜನ ಹೆಸರು ಅಂತ ಶುರು ಮಾಡಿದೆ. ಅವಳ ಪರೀಕ್ಷೆ ಬುಧವಾರವೇ ಮುಗಿದಿದೆಯಂತೆ. ಊರು ಅಂತಲೇ ಬರೆದು ಬಂದಿದ್ದಾಳೆ.